ಜೇಡ ಸಾಕುವ ಮೊದಲು ಹುಳು ಸಾಕಿ ನೋಡಿ

‘ಏನ್ ಕೆಲಸ ಸಿಕ್ತು ಕಣಮ್ಮ?’ ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ಎರಡು ಕ್ಷಣ ಸುಮ್ಮನಿದ್ದೆ. ಜರ್ಮನಿಯ ಆಖೆನ್‌ಗೆ ಎಂ.ಎಸ್ಸಿ. ಓದಲು ಬಂದು ಮೂರು ತಿಂಗಳಾಗಿತ್ತು. ಬಾಡಿಗೆ ಕಟ್ಟಲು ಪಾರ್ಟ್‌ಟೈಮ್ ಕೆಲಸ ಹುಡುಕಿ ಹುಡುಕಿ, ಭಾಷೆ ಸರಿಯಾಗಿ ಬಾರದು ಎಂದು ಎಲ್ಲ ಕಡೆ ವಾಪಸ್ ಕಳಿಸಿಕೊಂಡು, ಕೊನೆಗೆ ಸಿಕ್ಕಿದ್ದು ಸಾಕುಪ್ರಾಣಿಗಳ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ.

‘ಹುಳ ಮಾರೋ ಕೆಲಸ ಅಮ್ಮ’ ಅಂದೆ.

ಆ ಕಡೆ ಮೊದಲು ಮೌನ, ಆಮೇಲೆ ನಗು. ‘ಹುಳದಿಂದ ತಪ್ಪಿಸ್ಕೊಳ್ಳಲಿ ಅಂತ ಸಾಲ ಮಾಡಿ ಓದಿಸಿದ್ರೆ, ಅಷ್ಟು ದೂರ ಹೋಗಿ ಮತ್ತೆ ಹುಳಕ್ಕೇ ಬಿದ್ಯಾ?’

ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ. ರೇಷ್ಮೆ ನಮ್ಮ ಬದುಕು. ನಾನು ಚಿಕ್ಕವಳಿದ್ದಾಗ ಮನೆಯ ಅರ್ಧ ಹುಳುಗಳದ್ದು, ಉಳಿದರ್ಧ ನಮ್ಮದು. ಚಾಕಿ ಹುಳು ತಂದ ದಿನದಿಂದ ಚಂದ್ರಿಕೆಗೆ ಬಿಡುವವರೆಗೆ ಅಮ್ಮ ಕಾಲು ತೊಳೆಯದೆ ಆ ಕೋಣೆಗೆ ಯಾರನ್ನೂ ಬಿಡುತ್ತಿರಲಿಲ್ಲ. ನಡುರಾತ್ರಿ ಎದ್ದು ಸೊಪ್ಪು ಹಾಕುತ್ತಿದ್ದರು. ಅದೆಲ್ಲ ಸಾಕಾಗಿಯೇ ನಾನು ಓದಿನ ಹಿಂದೆ ಬಿದ್ದೆ. ಅಂಗಡಿಯಲ್ಲಿ ನನ್ನನ್ನು ಆ ಕೋಣೆಗೆ ಹಾಕಲು ಕಾರಣವೂ ಅದೇ. ಉಳಿದ ಹುಡುಗ ಹುಡುಗಿಯರು ಅಸಹ್ಯಪಡುತ್ತಿದ್ದ ಹುಳುಗಳನ್ನು ನಾನು ಬರಿಗೈಯಲ್ಲಿ ಎತ್ತುತ್ತಿದ್ದೆ.

ಅಲ್ಲಿ ಮಾರುತ್ತಿದ್ದುದು ರೇಷ್ಮೆಗಾಗಿ ಸಾಕಿದ ಹುಳುಗಳಲ್ಲ. ಮತ್ತೊಂದು ಪ್ರಾಣಿಯ ಹೊಟ್ಟೆಗೆ ಹೋಗಲೆಂದೇ ಸಾಕಿದವು. ಕೊಳ್ಳುವವರಲ್ಲಿ ಹಲ್ಲಿ, ಗೋಸುಂಬೆ ಸಾಕುವವರು ಇದ್ದರು. ಜೊತೆಗೆ ಟರಂಟುಲಾ ಸಾಕುವವರು. ಅಂಗೈ ಅಗಲದ, ಮೈತುಂಬ ರೋಮದ ಈ ದೊಡ್ಡ ಜೇಡವನ್ನು ಜರ್ಮನ್ನರು ‘ಪಕ್ಷಿ ಜೇಡ’ ಎಂದು ಕರೆಯುತ್ತಾರೆ. ಇದು ಇಲ್ಲಿ ಎಷ್ಟು ದೊಡ್ಡ ಹವ್ಯಾಸವೆಂದರೆ, ಹಾಮ್ ಎಂಬ ಊರಿನಲ್ಲಿ ‘ಟೆರಾರಿಸ್ಟಿಕಾ’ ಎಂಬ ಜಾತ್ರೆಯೇ ನಡೆಯುತ್ತದೆ. ವಿದ್ಯಾರ್ಥಿ ಟಿಕೆಟ್ಟಿನಲ್ಲಿ ರೈಲು ಹತ್ತಿ ನಾನೂ ಒಮ್ಮೆ ಹೋಗಿದ್ದೆ. ಹಾವು, ಹಲ್ಲಿ, ಚೇಳುಗಳ ನಡುವೆ ಮೇಜುಗಳ ಮೇಲೆ ಸಾಲಾಗಿ ಪುಟ್ಟ ಡಬ್ಬಿಗಳು, ಒಳಗೆ ಕಡಲೆಕಾಳಿನಷ್ಟು ಜೇಡದ ಮರಿಗಳು. ಜನ ಜೇಡವನ್ನು ತಿಂಗಳುಗಟ್ಟಲೆ ಯೋಚಿಸಿ ಆರಿಸುತ್ತಾರೆ. ಅದಕ್ಕೆ ಹಾಕುವ ಹುಳುವನ್ನು ಮಾತ್ರ ಹೊರಗೆ ಹೋಗುವಾಗ ಚೂಯಿಂಗ್ ಗಮ್ ಕೊಂಡ ಹಾಗೆ ಕೊಳ್ಳುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಜೇಡ ಬದುಕುವುದೂ ಸಾಯುವುದೂ ಬಹುಪಾಲು ಆ ಎರಡನೆಯ ಆಯ್ಕೆಯಿಂದ. ನಾನು ಇದನ್ನು ಕಲಿತದ್ದು ಒಂದು ಜೇಡವನ್ನು ಕೊಂದು.

ಆ ಕತೆಗೆ ಬರುತ್ತೇನೆ. ಅದಕ್ಕೂ ಮೊದಲು, ಅಂಗಡಿಯ ಕಪಾಟಿನಲ್ಲಿ ಏನೇನಿತ್ತು ಎಂದು ಹೇಳಬೇಕು.

ಹೆಚ್ಚು ಖರ್ಚಾಗುತ್ತಿದ್ದುದು ಕ್ರಿಕೆಟ್. ಆಟವಲ್ಲ, ಹುಳು. ನಮ್ಮ ಮನೆಗಳ ಗೋಡೆ ಸಂದಿಯಲ್ಲಿ ರಾತ್ರಿಯಿಡೀ ಕಿರ್ರೆನ್ನುತ್ತದಲ್ಲ, ಅದರ ಬಳಗ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಟ್ಟೆ ಟ್ರೇಯ ಚೂರು, ಅದರ ಮರೆಯಲ್ಲಿ ಹತ್ತಾರು ಕ್ರಿಕೆಟ್. ಅಗ್ಗ, ಚುರುಕು. ಜೇಡದ ಮುಂದೆ ಬಿಟ್ಟರೆ ಅದರ ಓಡಾಟಕ್ಕೇ ಜೇಡ ಎಚ್ಚರಗೊಂಡು ಎರಗುತ್ತದೆ. ಆದರೆ ಸಾಕಲು ಕಷ್ಟ. ನೀರಿನಂಶ ತಪ್ಪಿದರೆ ಬೇಗ ಸಾಯುತ್ತವೆ, ಇಕ್ಕಟ್ಟಾದರೆ ಒಂದನ್ನೊಂದು ತಿನ್ನುತ್ತವೆ, ಸತ್ತರೆ ನಾಲ್ಕು ಮನೆಯಾಚೆಗೂ ವಾಸನೆ. ಗಂಡುಗಳು ಇಡೀ ರಾತ್ರಿ ಕೂಗುತ್ತವೆ. 2009-10ರ ಸುಮಾರಿಗೆ ಉತ್ತರ ಅಮೆರಿಕದಲ್ಲಿ ಒಂದು ವೈರಸ್ ಈ ಮನೆ ಕ್ರಿಕೆಟ್ಟುಗಳ ಸಾಕಣೆ ಕೇಂದ್ರಗಳನ್ನೇ ಖಾಲಿ ಮಾಡಿತ್ತು. ಯುರೋಪಿಗೆ ಆ ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಾಲು ರೋಗ, ಸಪ್ಪೆ ರೋಗ. ಒಂದೇ ಕೋಣೆಯಲ್ಲಿ ಸಾವಿರಾರು ಹುಳು ಕೂಡಿಟ್ಟ ಮೇಲೆ ರೋಗಕ್ಕೆ ಕಾಯುವುದೊಂದೇ ಬಾಕಿ ಎಂದು ನಮ್ಮೂರಿನ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ.

ಎರಡನೆಯದು ಹಿಟ್ಟಿನ ಹುಳು, ಮೀಲ್‌ವರ್ಮ್. ಒಂದು ಜಾತಿಯ ಕಪ್ಪು ದುಂಬಿಯ ಮರಿ. ತವುಡಿನಲ್ಲಿ ಹಾಕಿಟ್ಟು ಒಂದು ಚೂರು ಕ್ಯಾರೆಟ್ ಕೊಟ್ಟರೆ ಸಾಕು, ಫ್ರಿಜ್ಜಿನಲ್ಲಿಟ್ಟರೆ ವಾರಗಟ್ಟಲೆ ಬೆಳೆಯದೆ ಹಾಗೇ ಇರುತ್ತದೆ. ಹಾಸ್ಟೆಲಿನವರಿಗೆ ಹೇಳಿ ಮಾಡಿಸಿದ್ದು. ತೊಂದರೆಯೆಂದರೆ ಜೇಡದ ಪೆಟ್ಟಿಗೆಗೆ ಹಾಕಿದ ಕೂಡಲೇ ಮಣ್ಣಿನೊಳಗೆ ಇಳಿದುಬಿಡುತ್ತದೆ. ಜೇಡ ತಿಂದಿತು ಎಂದು ನೀವು ನೆಮ್ಮದಿಯಾಗಿರುತ್ತೀರಿ, ಅದು ಒಳಗೆ ಕೋಶವಾಗಿ ದುಂಬಿಯಾಗಿ ಒಂದು ದಿನ ಮೇಲೆ ಬರುತ್ತದೆ. ಇದರ ದೊಡ್ಡಣ್ಣ ಸೂಪರ್‌ವರ್ಮ್. ಅದರ ದವಡೆ ಗಟ್ಟಿ, ಹಾಗಾಗಿ ತಲೆ ಜಜ್ಜಿ ಕೊಡುವುದು ರೂಢಿ. ಬೆಂಗಳೂರಿನ ಪೆಟ್ ಅಂಗಡಿಗಳಲ್ಲಿ ಅರೊವಾನ ಮೀನಿಗೆ, ಪಕ್ಷಿಗಳಿಗೆ ಎಂದು ಮಾರುವುದು ಇದನ್ನೇ.

ಬೆಣ್ಣೆಯಂತಹ ಮೇಣದ ಹುಳುವೂ ಇತ್ತು. ಬರೀ ಕೊಬ್ಬು. ಹಬ್ಬಕ್ಕೊಂದು ಹೋಳಿಗೆ ಎನ್ನುವ ಹಾಗೆ ಅಪರೂಪಕ್ಕೆ ಕೊಡಬಹುದು, ದಿನವೂ ಊಟವಾಗಬಾರದು.

ಇನ್ನು ಡುಬಿಯಾ ಜಿರಲೆ. ಹೆಸರು ಕೇಳಿ ಮುಖ ಸಿಂಡರಿಸಬೇಡಿ, ನಾನೂ ಸಿಂಡರಿಸಿದ್ದೆ. ದಕ್ಷಿಣ ಅಮೆರಿಕದ ಈ ಜಿರಲೆ ನಮ್ಮ ಅಡುಗೆಮನೆಯದರಂತಲ್ಲ. ನಯವಾದ ಗಾಜು ಹತ್ತಲಾರದು. ಹೆಣ್ಣಿಗೆ ಹಾರುವ ರೆಕ್ಕೆಯೇ ಇಲ್ಲ. ಕೂಗುವುದಿಲ್ಲ, ನಾರುವುದು ತೀರಾ ಕಡಿಮೆ, ವರ್ಷದ ಮೇಲೂ ಬದುಕುತ್ತದೆ. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ. ಬೆಚ್ಚಗಿಟ್ಟರಷ್ಟೇ ವಂಶ ಬೆಳೆಯುತ್ತದೆ, ಇಲ್ಲವಾದರೆ ಇದ್ದಷ್ಟೇ ಇರುತ್ತದೆ. ಕೆಲವರಿಗೆ ಜಿರಲೆ ಸಾಕಿ ಸಾಕಿ ಅಲರ್ಜಿಯಾಗುವುದುಂಟು, ಆ ಒಂದು ಎಚ್ಚರ ಬೇಕು. ಉಳಿದಂತೆ ಬೆಳೆದ ಟರಂಟುಲಾಕ್ಕೆ ಇದಕ್ಕಿಂತ ಒಳ್ಳೆಯ ಆಹಾರ ನಾನು ಕಂಡಿಲ್ಲ. ಗಿರಾಕಿಗಳಿಗೆ ಹೀಗೆ ಹೇಳಿದರೆ ಹತ್ತರಲ್ಲಿ ಎಂಟು ಮಂದಿ ‘ಅಯ್ಯೋ, ಮನೆಯಲ್ಲಿ ಜಿರಲೆಯೇ?’ ಎನ್ನುತ್ತಿದ್ದರು. ಮನೆಯಲ್ಲಿ ಅಂಗೈ ಅಗಲದ ಜೇಡ ಇಟ್ಟುಕೊಂಡವರು!

ಆಮೇಲೆ ಒಂದು ದಿನ ಸಣ್ಣ ಡಬ್ಬಿಯಲ್ಲಿ ರೇಷ್ಮೆಹುಳು ಬಂತು. ನಿಜವಾಗಿಯೂ. ಮೆತ್ತಗಿನ ಮೈ, ಕಚ್ಚುವುದಿಲ್ಲ, ಓಡುವುದಿಲ್ಲ, ಜೇಡಕ್ಕೆ ಚೆನ್ನ. ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ನಮ್ಮಲ್ಲಿ ಗೂಡನ್ನು ಕಿಲೋ ಲೆಕ್ಕದಲ್ಲಿ ತೂಗಿದರೆ, ಇಲ್ಲಿ ಹುಳುವನ್ನು ಎಣಿಸಿ ಮಾರುತ್ತಾರೆ ಎಂದು ಕೇಳಿ ಅವರಿಗೆ ನಂಬಿಕೆಯೇ ಬರಲಿಲ್ಲ. ‘ಸೊಪ್ಪು ಎಲ್ಲಿಂದ ತರ್ತಾರೆ?’ ಎಂಬುದು ಅವರ ಮೊದಲ ಪ್ರಶ್ನೆ. ಸರಿಯಾದ ಪ್ರಶ್ನೆ ಅದು. ಆ ಡಬ್ಬಿಯಲ್ಲಿ ಸೊಪ್ಪಿರಲಿಲ್ಲ, ಅರೆದು ಮುದ್ದೆ ಮಾಡಿದ ಆಹಾರದ ಒಂದು ತುಂಡಿತ್ತು. ಅದೂ ಒಣಗಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಾನಿದ್ದ ಮನೆಯಲ್ಲಿ ನಾವು ಮೂವರು. ಪಕ್ಕದ ಕೋಣೆಯ ಹುಡುಗಿ ಭೌತವಿಜ್ಞಾನ ಓದುತ್ತಿದ್ದಳು. ಅವಳ ಎಂಟನೆಯ ಹುಟ್ಟುಹಬ್ಬಕ್ಕೆ ಅವಳ ಅಪ್ಪ ತಂದುಕೊಟ್ಟ ಮರಿಯೊಂದು ಹದಿನೇಳು ವರ್ಷದ ಹೆಣ್ಣು ಟರಂಟುಲಾ ಆಗಿ ಅವಳ ಪುಸ್ತಕದ ಕಪಾಟಿನ ಪಕ್ಕ ಇತ್ತು. ಕಪ್ಪು ಮೈ, ಮಂಡಿಗಳಲ್ಲಿ ಕಿತ್ತಳೆ ಬಣ್ಣ: ಮೆಕ್ಸಿಕನ್ ರೆಡ್‌ನೀ. ಇವುಗಳ ಹೆಣ್ಣು ಇಪ್ಪತ್ತು ವರ್ಷ ದಾಟಿಯೂ ಬದುಕುತ್ತದೆ. ಕ್ರಿಸ್‌ಮಸ್ ರಜೆಗೆ ಅವಳು ಊರಿಗೆ ಹೊರಟಾಗ ನನ್ನ ಕೈಗೆ ಒಂದು ಚೀಟಿ ಕೊಟ್ಟಳು. ‘ನೀರಿನ ಬಟ್ಟಲು ಖಾಲಿಯಾಗಬಾರದು. ಹತ್ತು ದಿನಕ್ಕೊಂದು ಹುಳು. ತಿನ್ನದಿದ್ದರೆ ಮರುದಿನವೇ ಹೊರಗೆ ತೆಗೆ.’ ಅಷ್ಟೇ.

ಮೊದಲ ಸಲ ಕ್ರಿಕೆಟ್ ಬಿಟ್ಟೆ, ತಿನ್ನಲಿಲ್ಲ. ಕಷ್ಟಪಟ್ಟು ತೆಗೆದೆ. ಇನ್ನೊಂದು ವಾರ ಬಿಟ್ಟು ಹಾಕಿದೆ, ಆಗಲೂ ಇಲ್ಲ. ನನಗೆ ಸಂಕಟ. ಇಪ್ಪತ್ತು ದಿನ ಉಪವಾಸ! ಊಟ ಬೇಡವೆಂದವರಿಗೆ ಇನ್ನೊಂದು ತುತ್ತು ಬಲವಂತ ಮಾಡಿ ಬಡಿಸುವ ಮನೆಯಲ್ಲಿ ಬೆಳೆದವಳಲ್ಲವೆ? ಒಂದು ಹುಳು ಕಣ್ಣಿಗೆ ಬಿದ್ದಿಲ್ಲವೇನೋ ಎಂದುಕೊಂಡು, ಅಂಗಡಿಯಿಂದ ದೊಡ್ಡವೇ ಎರಡು ತಂದು ಬಿಟ್ಟೆ. ಮರುದಿನ ಪರೀಕ್ಷೆ ಇತ್ತು. ತೆಗೆಯಲು ನೋಡಿದೆ, ತೊಗಟೆಯ ಕೆಳಗೆ ಓಡಿಹೋದವು. ನಾಳೆ ತೆಗೆದರಾಯಿತು ಎಂದು ಮುಚ್ಚಳ ಹಾಕಿದೆ.

ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಜೇಡ ಅಂಗಾತ ಬಿದ್ದಿತ್ತು. ಅದು ಸತ್ತಿರಲಿಲ್ಲ. ಟರಂಟುಲಾ ಪೊರೆ ಕಳಚುವುದೇ ಹೀಗೆ, ಬೆನ್ನ ಮೇಲೆ ಮಲಗಿ. ಹಳೆಯ ಚರ್ಮ ಅರ್ಧ ಬಿಟ್ಟಿತ್ತು. ಒಳಗಿಂದ ಬಂದ ಹೊಸ ಮೈ ಹಸಿ ಹಸಿ, ಬೆಳ್ಳಗಿನ ಹಲ್ಲುಗಳು ಇನ್ನೂ ಮೆತ್ತಗೆ. ಈ ಹೊತ್ತಿನಲ್ಲಿ ಅಷ್ಟು ದೊಡ್ಡ ಜೇಡ ಒಂದು ಇರುವೆಯನ್ನೂ ಓಡಿಸಲಾರದು. ಆ ಎರಡು ಕ್ರಿಕೆಟ್ ಅದರ ಹೊಟ್ಟೆಯ ಬದಿಯನ್ನು ಕಡಿದು ತಿನ್ನುತ್ತಿದ್ದವು. ಮೂರು ದಿನದಿಂದ ನಾನು ಅವಕ್ಕೆ ತಿನ್ನಲು ಏನೂ ಹಾಕಿರಲಿಲ್ಲ, ಎದುರಿಗೆ ಮೆತ್ತಗಿನ ಮೈಯೊಂದು ಸಿಕ್ಕಿತ್ತು. ಅವುಗಳ ತಪ್ಪೇನೂ ಇಲ್ಲ. ಕಿತ್ತು ತೆಗೆದೆ. ಗಾಯದಿಂದ ತಿಳಿನೀಲಿ ಬಣ್ಣದ ದ್ರವ ಒಸರುತ್ತಿತ್ತು, ಅದೇ ಅದರ ರಕ್ತ. ಎರಡು ದಿನ ಇತ್ತು, ಹೋಯಿತು.

ಅವಳಿಗೆ ಫೋನ್ ಮಾಡಿ ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಬೈಯಲಿಲ್ಲ ಅವಳು. ‘ಹೊಟ್ಟೆಯ ಮೇಲೆ ರೋಮ ಉದುರಿದ ಜಾಗ ಕಪ್ಪಾಗಿತ್ತೇ?’ ಎಂದು ಮಾತ್ರ ಕೇಳಿದಳು. ಕಪ್ಪಾಗಿತ್ತು. ನಾನು ಅದನ್ನು ನೋಡಿಯೂ ಇದ್ದೆ. ಮೈ ಕಪ್ಪಾಗುವುದು, ಊಟ ಬಿಡುವುದು, ಎರಡೂ ಪೊರೆ ಕಳಚುವ ಮುನ್ಸೂಚನೆ. ಆಗ ತಿಂಗಳುಗಟ್ಟಲೆ ಉಪವಾಸವಿದ್ದರೂ ಇವಕ್ಕೆ ಏನೂ ಆಗುವುದಿಲ್ಲ.

ನನ್ನನ್ನು ಇವತ್ತಿಗೂ ಚುಚ್ಚುವುದು, ಇದು ನನಗೆ ಗೊತ್ತಿಲ್ಲದ ವಿಷಯವಲ್ಲ ಎಂಬುದು. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ‘ಜ್ವರ’ ಎನ್ನುತ್ತಾರೆ. ತಲೆ ಎತ್ತಿ, ಅಲುಗಾಡದೆ ಕೂತುಬಿಟ್ಟರೆ ಹುಳು ಜ್ವರಕ್ಕೆ ಹೋಯಿತು ಎಂದು ಅರ್ಥ. ಆಗ ಅಮ್ಮ ಸೊಪ್ಪಿನ ಕೋಣೆಯ ಬಾಗಿಲು ಹಾಕಿ, ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ, ‘ಜ್ವರಕ್ಕೆ ಕೂತವೆ, ಯಾರೂ ಸೊಪ್ಪು ಹಾಕ್ಬೇಡ್ರಿ, ಮುಟ್ಟಬೇಡ್ರಿ’ ಎನ್ನುತ್ತಿದ್ದರು. ಹುಳು ಊಟ ಬಿಟ್ಟರೆ ಬಲವಂತ ಮಾಡಬಾರದು ಎಂದು ನನಗೆ ಆರು ವರ್ಷಕ್ಕೇ ಗೊತ್ತಿತ್ತು. ಎಂಟು ಕಾಲಿನ ಹುಳುವಿಗೂ ಜ್ವರ ಬರುತ್ತದೆ ಎಂದು ಮಾತ್ರ ಹೊಳೆಯಲಿಲ್ಲ.

ಹಾಗಾಗಿ ಈಗ ಗಿರಾಕಿ ‘ಯಾವುದು ಒಳ್ಳೆಯದು?’ ಎಂದು ಕೇಳಿದರೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಜೇಡ ಎಷ್ಟು ದೊಡ್ಡದು? ಕೊನೆಯ ಸಲ ಪೊರೆ ಬಿಟ್ಟದ್ದು ಯಾವಾಗ? ಈ ಹುಳುವಿಗೆ ಮನೆಯಲ್ಲಿ ಏನು ತಿನ್ನಿಸುತ್ತೀರಿ? ಮೂರನೆಯದಕ್ಕೆ ಹೆಚ್ಚಿನವರ ಬಳಿ ಉತ್ತರವಿಲ್ಲ. ‘ಹುಳುವಿಗೆ ಊಟವೇ?’ ಎಂದು ನಗುತ್ತಾರೆ. ಜೇಡ ಹುಳುವನ್ನು ಅಗಿದು ನುಂಗುವುದಿಲ್ಲ. ಜೀರ್ಣರಸ ಬಿಟ್ಟು ಕರಗಿಸಿ ಹೀರುತ್ತದೆ. ಅಂದರೆ ಹುಳುವಿನ ಹೊಟ್ಟೆಯಲ್ಲಿದ್ದುದೂ ಜೇಡದ ಪಾಲಿಗೇ. ಒಣಗಿ ಸೊರಗಿದ ಕ್ರಿಕೆಟ್ ಕೊಟ್ಟರೆ ಜೇಡಕ್ಕೆ ಸಿಗುವುದು ಖಾಲಿ ಸಿಪ್ಪೆ. ಕೊಂಡ ಹುಳುವಿಗೆ ಒಂದೆರಡು ದಿನ ಕ್ಯಾರೆಟ್, ಸೊಪ್ಪು, ಓಟ್ಸ್ ತಿನ್ನಿಸಿ ಆಮೇಲೆ ಕೊಡಿ. ಹಲ್ಲಿಗಳಿಗೆ ಕೊಡುವ ಹಾಗೆ ಕ್ಯಾಲ್ಸಿಯಂ ಪುಡಿ ಸವರಬೇಕಿಲ್ಲ, ಜೇಡಕ್ಕೆ ಎಲುಬಿಲ್ಲ. ಹುಳುವಿನ ಅಳತೆ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ಕಡಲೆಕಾಳಿನಷ್ಟು ಮರಿಗಾದರೆ ಕೊಂದ ಕ್ರಿಕೆಟ್ಟಿನ ಒಂದು ಕಾಲು ಸಾಕು. ಪೊರೆ ಬಿಟ್ಟ ಮೇಲೆ ದೊಡ್ಡ ಜೇಡದ ಹಲ್ಲು ಗಟ್ಟಿಯಾಗಲು ವಾರ, ಹತ್ತು ದಿನ ಬೇಕು. ಅಲ್ಲಿಯವರೆಗೆ ನೀರು ಮಾತ್ರ. ಅತಿಯಾಗಿ ತಿನ್ನಿಸಿ ಹೊಟ್ಟೆ ಗುಂಡು ಮಾಡುವುದೂ ಪ್ರೀತಿಯಲ್ಲ. ಉಬ್ಬಿದ ಹೊಟ್ಟೆಯ ಜೇಡ ಸಣ್ಣ ಎತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಸಾಯಬಹುದು.

‘ಹೊಲದಲ್ಲಿ ಮಿಡತೆ ಬೇಕಾದಷ್ಟಿವೆ, ದುಡ್ಡು ಯಾಕೆ ಕೊಡಬೇಕು?’ ಎನ್ನುವವರು ಇಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಅವರಿಗೆ ನಮ್ಮ ಮನೆಯ ಒಂದು ಬೆಳೆಯ ಕತೆ ಹೇಳುತ್ತೇನೆ. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದಿದ್ದರು. ಗಾಳಿ ನಮ್ಮ ಹಿಪ್ಪುನೇರಳೆ ತೋಟದ ಕಡೆಗಿತ್ತು. ಆ ಸೊಪ್ಪು ತಿಂದ ಹುಳುಗಳು ಸಂಜೆಯ ಹೊತ್ತಿಗೆ ಹಸಿರು ನೀರು ಕಕ್ಕುತ್ತ ಹೊರಳಾಡಿದವು. ನಾಲ್ಕನೆಯ ಜ್ವರ ದಾಟಿದ ಹುಳುಗಳವು, ಇನ್ನೊಂದು ವಾರಕ್ಕೆ ಹಣ್ಣಾಗಬೇಕಿತ್ತು. ಅಪ್ಪ ತಟ್ಟೆ ತಟ್ಟೆಯನ್ನೇ ಗುಂಡಿಗೆ ಸುರಿದರು. ಹೊಲದಿಂದ ಹಿಡಿದ ಮಿಡತೆಯ ಮೈಯಲ್ಲಿ ಏನಿದೆ ಎಂದು ಹಿಡಿದವರಿಗೆ ಗೊತ್ತಿರುವುದಿಲ್ಲ. ಅಡುಗೆಮನೆಯ ಜಿರಲೆಯಂತೂ ನಿನ್ನೆ ನೀವೇ ಸ್ಪ್ರೇ ಹೊಡೆದದ್ದಿರಬಹುದು. ಜೇಡಕ್ಕೆ ಮಾತ್ರವಲ್ಲ, ಅರೊವಾನಕ್ಕೆ, ಮೈನಾಕ್ಕೆ ಜಿರಲೆ ಹಿಡಿದು ಹಾಕುವವರಿಗೂ ಈ ಮಾತು.

ಇನ್ನು ಇಲಿಮರಿ. ಟರಂಟುಲಾ ಇಲಿಯನ್ನು ಕೊಲ್ಲುವ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರಬಹುದು. ಹುಳುವಿನಲ್ಲೇ ಬೇಕಾದ್ದೆಲ್ಲ ಸಿಗುವಾಗ ಇಲಿ ಬೇಕಿರುವುದು ಜೇಡಕ್ಕಲ್ಲ, ನೋಡುವವರಿಗೆ. ಇದರಲ್ಲಿ ನಾನು ಯಾರ ಜೊತೆಗೂ ಚರ್ಚೆಗೆ ಹೋಗುವುದಿಲ್ಲ, ಅಂಥ ಗಿರಾಕಿ ಬಂದರೆ ಬೇರೆ ಕೌಂಟರ್ ತೋರಿಸುತ್ತೇನೆ.

ಒಂದು ಆಕ್ಷೇಪ ನನಗೂ ಗೊತ್ತು. ಹೇಗೂ ಸಾಯುವ ಹುಳುವಿಗೆ ಇಷ್ಟೆಲ್ಲ ಉಪಚಾರವೇಕೆ? ಹುಳು ಸಾಯಲೇಬಾರದು ಎನ್ನುವ ಹಕ್ಕು ನನಗಿಲ್ಲ. ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ಊರಿನವಳು ನಾನು, ನನ್ನ ಕಾಲೇಜು ಫೀಸು ಅದರಲ್ಲೇ ಬಂದದ್ದು. ಆದರೆ ಆ ಇಪ್ಪತ್ತೈದು, ಇಪ್ಪತ್ತೆಂಟು ದಿನ ಅಮ್ಮ ಅವುಗಳನ್ನು ನೋಡಿಕೊಂಡ ರೀತಿಯನ್ನೂ ನಾನು ನೋಡಿದ್ದೇನೆ. ನಮ್ಮ ಅಂಗಡಿಯಲ್ಲಿ ಶನಿವಾರ ಮಧ್ಯಾಹ್ನ ಬಂದ ಡಬ್ಬಿಗಳು ಸೋಮವಾರದವರೆಗೆ ನೀರಿಲ್ಲದೆ ಬಿದ್ದಿರುತ್ತಿದ್ದವು. ಅರ್ಧ ಸತ್ತ ಡಬ್ಬಿಯನ್ನೂ ಅದೇ ಬೆಲೆಗೆ ಮಾರು ಎನ್ನುತ್ತಿದ್ದರು. ನಾನು ವಾರಾಂತ್ಯದಲ್ಲಿ ಬಂದು ಕ್ಯಾರೆಟ್ ಚೂರು ಹಾಕಿ ಹೋಗಲು ಶುರುಮಾಡಿದೆ. ಅದಕ್ಕೆ ಸಂಬಳವಿಲ್ಲ. ಮ್ಯಾನೇಜರ್ ಮೊದಲು ನಕ್ಕರು, ಸೋಮವಾರ ಸತ್ತ ಹುಳುಗಳ ಚೀಲ ಹಗುರಾದಾಗ ಸುಮ್ಮನಾದರು.

ಇದನ್ನು ಓದಿ ಯಾರಿಗಾದರೂ ಟರಂಟುಲಾ ಸಾಕುವ ಆಸೆ ಹುಟ್ಟಿದರೆ, ಒಂದು ಮಾತು. ಹಾಮ್‌ನ ಜಾತ್ರೆಯಲ್ಲಿ ಕಡುನೀಲಿ ಬಣ್ಣದ ಜೇಡವೊಂದನ್ನು ನೋಡಿ ಬೆರಗಾಗಿ ನಿಂತಿದ್ದೆ. ಚೀಟಿ ಓದಿದರೆ ಅದು ನಮ್ಮ ಪಕ್ಕದ್ದು. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಅನಂತಪುರ ದಾಟಿದರೆ ಸಿಗುವ ಗುತ್ತಿಯಲ್ಲಿ ಸಿಕ್ಕ ಜೇಡವನ್ನು 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ಮೊದಲು ವಿವರಿಸಿದರು. ನೂರು ವರ್ಷ ಮತ್ತೆ ಯಾರ ಕಣ್ಣಿಗೂ ಬೀಳದೆ, 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಕಾಣಿಸಿತು. ಇವತ್ತು ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿ. ಅದರ ಇಡೀ ಕುಲ 2019ರಿಂದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ಮೆಕ್ಸಿಕನ್ ರೆಡ್‌ನೀ 1985ರಿಂದಲೇ ಇದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಾದ ತಿದ್ದುಪಡಿಯ ಮೇಲೆ ಇಂಥ ಪಟ್ಟಿಯ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ವರದಿ ಮಾಡಿ ನೋಂದಾಯಿಸಬೇಕು. ಕಾಡಿನಿಂದ ಹಿಡಿದು ತರುವ ಮಾತಂತೂ ಬೇಡವೇ ಬೇಡ. ಆಸೆ ತಡೆಯದಿದ್ದರೆ ಮೊದಲು ಒಂದು ಡಬ್ಬಿ ಹಿಟ್ಟಿನ ಹುಳು ತಂದು ಆರು ತಿಂಗಳು ಸಾಕಿ. ಅವು ದುಂಬಿಯಾಗಿ, ಮೊಟ್ಟೆಯಿಟ್ಟು, ಮರಿಯಾಗುವವರೆಗೆ ನಿಮಗೆ ಬೇಸರವಾಗದಿದ್ದರೆ ಆಮೇಲೆ ಜೇಡದ ಯೋಚನೆ ಮಾಡಿ.

ಕಳೆದ ಮಾರ್ಚಿನಲ್ಲಿ ಪಕ್ಕದ ಕೋಣೆಯ ಹುಡುಗಿ ನನ್ನ ಮೇಜಿನ ಮೇಲೆ ಒಂದು ಪುಟ್ಟ ಡಬ್ಬಿ ಇಟ್ಟಳು. ಒಳಗೆ ಗುಂಗುರು ರೋಮದ ಜಾತಿಯ ಮರಿ, ನನ್ನ ಕಿರುಬೆರಳಿನ ಉಗುರಿನಷ್ಟು. ‘ನಿನಗೆ’ ಅಂದಳು. ಬೇಡವೆಂದೆ. ಡಬ್ಬಿ ಅಲ್ಲೇ ಬಿಟ್ಟು ಹೋದಳು. ಈಗ ನನ್ನ ಮಂಚದ ಕೆಳಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೂವತ್ತು ಡುಬಿಯಾ ಜಿರಲೆಗಳೂ ಇವೆ. ಅಮ್ಮ ವಿಡಿಯೊ ಕಾಲ್ ಮಾಡಿದಾಗ ಮೊದಲು ಅವುಗಳನ್ನೇ ತೋರಿಸು ಎನ್ನುತ್ತಾರೆ. ಮೊಟ್ಟೆ ಟ್ರೇ ಹಳತಾಗಿದೆ, ಬದಲಿಸು ಎಂದು ಬೈಯುತ್ತಾರೆ.

ಈ ಭಾನುವಾರ ಕರೆ ಮಾಡಿದಾಗ, ಮರಿ ನಾಲ್ಕು ದಿನದಿಂದ ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಂಡು ಕೂತಿದೆ ಎಂದೆ.

‘ಜ್ವರಕ್ಕೆ ಹೋಗಿರ್ಬೇಕು. ಏನೂ ಹಾಕ್ಬೇಡ’ ಅಂದರು.

ಹಾಕಿಲ್ಲ. ನೀರಿನ ಮುಚ್ಚಳ ಮಾತ್ರ ತುಂಬಿಸಿಟ್ಟಿದ್ದೇನೆ.